ಗೋಲ್ಡ್ ಸ್ಪಾಟ್ ಯಾಕೆ ಹೋಯಿತು, ಲಿಮ್ಕಾ ಯಾಕೆ ಉಳಿಯಿತು

ಹಳೆಯ ತಂಪು ಪಾನೀಯಗಳ ಬಗ್ಗೆ ಹೊರನಾಡಿನ ನಮ್ಮವರು ಬರೆಯುವ ನೆನಪಿನ ಬರಹಗಳನ್ನು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಸಂಘದ ಸ್ಮರಣ ಸಂಚಿಕೆಗಳಲ್ಲಿ ಅಂಥದೊಂದು ಬರಹ ತಪ್ಪದೆ ಇರುತ್ತದೆ. ಬೇಸಿಗೆ ರಜೆ, ಮದುವೆ ಮನೆ, ಐಸುಗಡ್ಡೆ ತುಂಬಿದ ಬಕೆಟ್ಟಿನಿಂದ ತೊಟ್ಟಿಕ್ಕುತ್ತಾ ಮೇಲೆ ಬರುವ ಗೋಲ್ಡ್ ಸ್ಪಾಟ್ ಬಾಟ್ಲಿ, ಅಣ್ಣತಮ್ಮಂದಿರ ನಡುವೆ ಅದನ್ನು ಅಳೆದು ಹಂಚಿದ ಕಥೆ. ಕೊನೆಗೆ ಒಂದು ನಿಟ್ಟುಸಿರು: ಕಾಲ ಬದಲಾಯಿತು, ಜನರ ರುಚಿ ಬದಲಾಯಿತು, ಅವೆಲ್ಲ ಮಾಯವಾದವು.

ಬಕೆಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಮನೆಯ ಮದುವೆಗಳಲ್ಲೂ ಆ ಬಕೆಟ್ಟು ಇತ್ತು. ತಕರಾರಿರುವುದು ಕೊನೆಯ ಸಾಲಿನ ಬಗ್ಗೆ. ನಾನು ವೃತ್ತಿಯಿಂದ ಲೆಕ್ಕಿಗ. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡಿ ಸಿ.ಎ. ಪಾಸಾದವನು. ವೋಚರ್ ಇಲ್ಲದ ನಮೂದನ್ನು ಒಪ್ಪಬಾರದು ಎಂದು ನಮಗೆ ಮೊದಲ ವಾರವೇ ಹೇಳಿಕೊಡುತ್ತಾರೆ. ‘ಜನರ ರುಚಿ ಬದಲಾಯಿತು’ ಎಂಬ ನಮೂದಿಗೆ ವೋಚರ್ ಎಲ್ಲಿದೆ? ನಾನಂತೂ ಈವರೆಗೆ ಕಂಡಿಲ್ಲ. ಅದಕ್ಕೆ ವಿರುದ್ಧವಾದ ದಾಖಲೆಗಳು ಮಾತ್ರ ಸಾಕಷ್ಟಿವೆ.

1977ರಿಂದ ಶುರುಮಾಡಬೇಕು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯಂತೆ ವಿದೇಶಿ ಕಂಪನಿಗಳು ಭಾರತದ ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕಿತ್ತು. ಜನತಾ ಸರ್ಕಾರದ ಕೈಗಾರಿಕಾ ಮಂತ್ರಿ ಜಾರ್ಜ್ ಫರ್ನಾಂಡಿಸ್ ಅದನ್ನು ಪಟ್ಟುಹಿಡಿದು ಜಾರಿಗೆ ತಂದರು. ಅವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು. ತನ್ನ ಗುಟ್ಟಿನ ಸೂತ್ರ ಬಿಟ್ಟುಕೊಡಲು ಒಪ್ಪದ ಕೋಕಕೋಲಾ ಗಂಟುಮೂಟೆ ಕಟ್ಟಿತು. ಖಾಲಿಯಾದ ಜಾಗ ತುಂಬಲು ಸರ್ಕಾರವೇ ಒಂದು ಕೋಲಾ ತಂದಿತು. ಹೆಸರು ‘ಡಬಲ್ ಸೆವೆನ್’. ಸೂತ್ರ ತಯಾರಾದದ್ದು ಮೈಸೂರಿನ ಚೆಲುವಾಂಬ ಮ್ಯಾನ್ಶನ್ನಿನಲ್ಲಿರುವ ಸಿ.ಎಫ್.ಟಿ.ಆರ್.ಐ.ನಲ್ಲಿ, ಮಾರಿದ್ದು ನಾವೆಲ್ಲ ಜ್ವರ ಬಂದಾಗ ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದ ಮಾಡರ್ನ್ ಬ್ರೆಡ್ಡಿನ ಕಂಪನಿ. ಮಂಗಳೂರಿನವರೊಬ್ಬರು ಅಮೆರಿಕದ ಕೋಲಾವನ್ನು ಹೊರಗೆ ಕಳಿಸಿ, ಮೈಸೂರಿನ ವಿಜ್ಞಾನಿಗಳು ಅದಕ್ಕೆ ಬದಲಿ ಕೊಟ್ಟ ಈ ಪ್ರಸಂಗ ನಮ್ಮ ನೆನಪಿನ ಬರಹಗಳಲ್ಲಿ ಯಾಕೋ ಬರುವುದೇ ಇಲ್ಲ. ನಾವು ಹೆಮ್ಮೆಪಡಲು ಹುಡುಕುವ ವಿಷಯಗಳಿಗಿಂತ ಇದು ಎಷ್ಟೋ ಮೇಲು.

ಡಬಲ್ ಸೆವೆನ್ ನಿಲ್ಲಲಿಲ್ಲ. ಅದೇ 1977ರಲ್ಲಿ ಮುಂಬಯಿಯ ಪಾರ್ಲೆಯ ರಮೇಶ್ ಚೌಹಾಣ್ ಥಮ್ಸ್ ಅಪ್ ಬಿಟ್ಟಿದ್ದರು. ಇಂಗ್ಲಿಷಿನಲ್ಲಿ ಅದರ ಹೆಸರಿನೊಳಗೆ ಒಂದು ಅಕ್ಷರ ಕಡಿಮೆ. ಕನ್ನಡದಲ್ಲಿ ಬರೆದರೆ ಆ ಕೊರತೆ ಗೊತ್ತೇ ಆಗುವುದಿಲ್ಲ. ಪಾರ್ಲೆಗೆ 1952ರಿಂದ ಗೋಲ್ಡ್ ಸ್ಪಾಟ್ ಮಾರಿದ ಅನುಭವವಿತ್ತು, ಊರೂರಿನಲ್ಲಿ ಬಾಟ್ಲಿ ತುಂಬಿಸುವ ಏಜೆಂಟರಿದ್ದರು, ಲಾರಿಗಳಿದ್ದವು, 24 ಬಾಟ್ಲಿಯ ಕ್ರೇಟುಗಳಿದ್ದವು. ಬ್ರೆಡ್ ಕಂಪನಿಗೆ ಅದ್ಯಾವುದೂ ಇರಲಿಲ್ಲ. 1980ರಲ್ಲಿ ಸರ್ಕಾರ ಬದಲಾದ ಮೇಲೆ ಇದ್ದ ಆಸರೆಯೂ ತಪ್ಪಿತು. ಮೈಸೂರಿನ ಸೂತ್ರ ಕೆಟ್ಟದಾಗಿತ್ತೋ ಒಳ್ಳೆಯದಾಗಿತ್ತೋ, ದಾವಣಗೆರೆಯ ಮಂಡಕ್ಕಿ ಅಂಗಡಿಯ ತನಕ ಅದು ಬಂದಿದ್ದರಲ್ಲವೇ ನಾಲಿಗೆ ತೀರ್ಪು ಕೊಡುವುದು!

ಈಗ 1993. ಪೆಪ್ಸಿ ಆಗಲೇ 1990ರಲ್ಲಿ ‘ಲೆಹರ್’ ಎಂಬ ದೇಸಿ ಹೆಸರನ್ನು ಮುಂದೆ ಹಚ್ಚಿಕೊಂಡು ಒಳಗೆ ಬಂದಿತ್ತು. ಕೋಕಕೋಲಾ ಅಕ್ಟೋಬರ್‌ನಲ್ಲಿ ಆಗ್ರಾದಿಂದ ಮರುಪ್ರವೇಶ ಮಾಡಿತು. ಆ ಹೊತ್ತಿಗೆ ಮಾರುಕಟ್ಟೆಯ ಅರ್ಧಕ್ಕಿಂತ ಹೆಚ್ಚು ಪಾರ್ಲೆಯ ಕೈಯಲ್ಲಿತ್ತು. ಕೋಕಕೋಲಾ ಮಾಡಿದ ಜಾಣತನದ ಕೆಲಸವೆಂದರೆ ಪಾರ್ಲೆಯ ಬ್ರಾಂಡುಗಳನ್ನೇ ಕೊಂಡುಬಿಟ್ಟದ್ದು. ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಸಿಟ್ರಾ, ಮಾಜಾ, ಐದೂ ಒಂದೇ ಗಂಟಿನಲ್ಲಿ ಹೋದವು. ಬ್ರಾಂಡಿನ ಹಿಂದೆ ಬಾಟ್ಲಿ ತುಂಬಿಸುವವರೂ, ಅವರ ಹಿಂದೆ ಲಾರಿಗಳೂ, ಲಾರಿಗಳ ಹಿಂದೆ ಅಂಗಡಿಗಳೂ ಹೋದವು.

ಐದರ ಗತಿಯನ್ನು ಒಂದೊಂದಾಗಿ ನೋಡಿ. ಗೋಲ್ಡ್ ಸ್ಪಾಟ್ ಕಿತ್ತಳೆ. ಹೊಸ ಯಜಮಾನರ ಮನೆಯಲ್ಲಿ ಆಗಲೇ ಒಂದು ಕಿತ್ತಳೆ ಇತ್ತು, ಫಾಂಟಾ. ಶತಮಾನ ಮುಗಿಯುವ ಹೊತ್ತಿಗೆ ಗೋಲ್ಡ್ ಸ್ಪಾಟ್ ಅಂಗಡಿಗಳಿಂದ ಕಣ್ಮರೆ. ಸಿಟ್ರಾ ತಿಳಿಯಾದ ನಿಂಬೆ. ಅವರಲ್ಲಿ ಸ್ಪ್ರೈಟ್ ಇತ್ತು. 1999ರಲ್ಲಿ ಸ್ಪ್ರೈಟ್ ಭಾರತಕ್ಕೆ ಬಂತು, ಸಿಟ್ರಾ ಹೋಯಿತು. ಲಿಮ್ಕಾ ಮಸುಕು ಬಣ್ಣದ ನಿಂಬೆ, ಅಂಥದ್ದು ಅಟ್ಲಾಂಟಾದವರ ಬಳಿ ಇರಲಿಲ್ಲ, ಉಳಿಯಿತು. ಮಾಜಾ ಮಾವು, ಅದೂ ಅವರಲ್ಲಿರಲಿಲ್ಲ, ಉಳಿಯಿತು. ಅಂದರೆ ಕೊಂಡವರ ಮನೆಯಲ್ಲಿ ಅವಳಿ ಇದ್ದ ಕೂಸು ಬದುಕಲಿಲ್ಲ, ಅವಳಿ ಇಲ್ಲದ್ದು ಬದುಕಿತು.

ಥಮ್ಸ್ ಅಪ್ ಮಾತ್ರ ಈ ನಿಯಮ ಮೀರಿದ ಹಾಗೆ ಕಾಣುತ್ತದೆ. ಅದಕ್ಕೆ ಅವಳಿ ಇತ್ತು, ಅದೂ ಕಂಪನಿಯ ಹೆಸರೇ ಹೊತ್ತ ಅವಳಿ. ಮೊದಲ ವರ್ಷಗಳಲ್ಲಿ ಥಮ್ಸ್ ಅಪ್‌ನ ಪ್ರಚಾರ ತಗ್ಗಿಸಿ ಕೋಕನ್ನು ಮುಂದೆ ನಿಲ್ಲಿಸುವ ಪ್ರಯತ್ನವೂ ನಡೆಯಿತು. ಆದರೆ ಥಮ್ಸ್ ಅಪ್ ಸಿಗದ ಗಿರಾಕಿ ಕೋಕ್ ಕಡೆ ತಿರುಗದೆ ಪೆಪ್ಸಿಯ ಕಡೆ ನಡೆದ. ಹಾಗಾಗಿ ಅದನ್ನು ಮತ್ತೆ ಎತ್ತಿ ಕೂರಿಸಿದರು, ಗುಡುಗಿನ ಜಾಹೀರಾತು ಮಾಡಿದರು, ನಟರನ್ನು ಬೆಟ್ಟದಿಂದ ಹಾರಿಸಿದರು. 2021ರಲ್ಲಿ ಅದರ ವಾರ್ಷಿಕ ಮಾರಾಟ ನೂರು ಕೋಟಿ ಡಾಲರ್ ಮುಟ್ಟಿತೆಂದು ಕಂಪನಿಯೇ ಹೇಳಿಕೊಂಡಿತು. ಗೋಲ್ಡ್ ಸ್ಪಾಟ್ ಕುಡಿಯುತ್ತಿದ್ದ ಮಕ್ಕಳಿಗೆ ಆ ಶಕ್ತಿ ಇರಲಿಲ್ಲ. ಕಿತ್ತಳೆ ಬೇಕೆಂದ ಮಗು ಫಾಂಟಾ ಕೊಟ್ಟರೂ ಕುಡಿಯುತ್ತದೆ, ಪೆಪ್ಸಿಯವರ ಮಿರಿಂಡಾ ಕೊಟ್ಟರೂ ಕುಡಿಯುತ್ತದೆ. ಬಿಟ್ಟುಹೋಗುತ್ತೇನೆ ಎಂದು ಹೆದರಿಸಬಲ್ಲ ಗಿರಾಕಿಯ ಪಾನೀಯ ಉಳಿದುಕೊಂಡಿತು.

ಇದೇ ಮಾತಿಗೆ ಅಮೆರಿಕದ ಒಂದು ಉದಾಹರಣೆ ಕೊಡಬೇಕು. 1985ರ ಏಪ್ರಿಲ್‌ನಲ್ಲಿ ಕೋಕಕೋಲಾ ತನ್ನ ಹಳೆಯ ಸೂತ್ರವನ್ನೇ ಕೈಬಿಟ್ಟು ಹೊಸದು ತಂದಿತು. ಸುಮಾರು ಎರಡು ಲಕ್ಷ ಜನರಿಗೆ ರುಚಿ ತೋರಿಸಿ, ಅವರು ಹೊಸದೇ ಚೆನ್ನ ಎಂದ ಮೇಲೆ ಮಾಡಿದ ಬದಲಾವಣೆ ಅದು. ಆದರೂ ಜನ ಫೋನ್ ಮಾಡಿದರು, ಪತ್ರ ಬರೆದರು, ಬೈದರು. 79 ದಿನಗಳಲ್ಲಿ ಹಳೆಯದು ವಾಪಸಾಯಿತು. ಗೋಲ್ಡ್ ಸ್ಪಾಟ್ ನಿಂತಾಗ ದಾವಣಗೆರೆಯ ಹುಡುಗ ಯಾರಿಗೆ ಫೋನ್ ಮಾಡಬೇಕಿತ್ತು? ನಮ್ಮ ಅಂಗಡಿಯವರನ್ನು ಕೇಳಿದರೆ ಅವರು ಹೇಳುತ್ತಿದ್ದದ್ದು ಇಷ್ಟೇ: “ಬರ್ತಿಲ್ಲಪ್ಪ ತಮ್ಮಾ, ಫಾಂಟಾ ಐತಿ, ತಗೊಂಡು ಹೋಗು.” ‘ಬರ್ತಿಲ್ಲ’ ಎಂಬುದೇ ಸರಿಯಾದ ಇತಿಹಾಸ. ಅದನ್ನು ‘ಜನಕ್ಕೆ ಬೇಡವಾಯಿತು’ ಎಂದು ತಿದ್ದಿ ಬರೆದವರು ನಾವು.

ಇಲ್ಲಿ ನನ್ನ ವೃತ್ತಿಯ ಒಂದು ಮಾತು ಹೇಳಿದರೆ ಓದುಗರು ಬೇಸರಪಡಬಾರದು. ಒಂದು ಕಂಪನಿ ತಾನೇ ಬೆಳೆಸಿದ ಬ್ರಾಂಡನ್ನು ತನ್ನ ಆಸ್ತಿಪಟ್ಟಿಯಲ್ಲಿ ತೋರಿಸುವಂತಿಲ್ಲ. ನಾವು ಪರೀಕ್ಷೆಗೆ ಓದಿದ ಭಾರತದ ಎ.ಎಸ್. 26 ಅದನ್ನೇ ಹೇಳುತ್ತದೆ, ಇಲ್ಲಿ ಆಸ್ಟ್ರೇಲಿಯಾದಲ್ಲಿ ನಾನು ದಿನಾ ಬಳಸುವ ಎ.ಎ.ಎಸ್.ಬಿ. 138 ಕೂಡ ಅದನ್ನೇ ಹೇಳುತ್ತದೆ. 2005ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಒಪ್ಪಿಕೊಂಡಾಗ ಇಲ್ಲಿನ ಕಂಪನಿಗಳು ಹಾಗೆ ತೋರಿಸಿದ್ದ ಸ್ವಂತ ಬ್ರಾಂಡುಗಳ ಬೆಲೆಯನ್ನು ಪುಸ್ತಕದಿಂದ ಅಳಿಸಬೇಕಾಯಿತು. ಅದೇ ಬ್ರಾಂಡನ್ನು ಇನ್ನೊಬ್ಬರು ದುಡ್ಡು ಕೊಟ್ಟು ಕೊಂಡರೆ ಮಾತ್ರ ಅದು ಆಸ್ತಿ. ಅಂದರೆ ನಲವತ್ತು ವರ್ಷ ಮಕ್ಕಳು ಗೋಲ್ಡ್ ಸ್ಪಾಟನ್ನು ಇಷ್ಟಪಟ್ಟದ್ದಕ್ಕೆ ಲೆಕ್ಕದ ಪುಸ್ತಕದಲ್ಲಿ ಸೊನ್ನೆ. ಕೊಂಡ ದಿನ ಅದಕ್ಕೊಂದು ಬೆಲೆ ಬರುತ್ತದೆ. ಆ ಬೆಲೆಯನ್ನು ತೆತ್ತದ್ದು ಮಾರುವುದಕ್ಕೋ ನಿಲ್ಲಿಸುವುದಕ್ಕೋ ಎಂದು ಯಾವ ಮಾನದಂಡವೂ ಕೇಳುವುದಿಲ್ಲ. ಎದುರಾಳಿಯ ಕೈಗೆ ಸಿಗದಂತೆ ಬೀರುವಿನಲ್ಲಿ ಬೀಗ ಹಾಕಿಟ್ಟರೂ ಮಾಲೀಕನ ದೃಷ್ಟಿಯಲ್ಲಿ ಅದು ಉಪಯೋಗವೇ.

ಇಷ್ಟು ಹೇಳಿದೆನೆಂದು ಗೋಲ್ಡ್ ಸ್ಪಾಟ್ ಅಮೃತವಾಗಿತ್ತು ಎಂದುಕೊಳ್ಳಬೇಡಿ. ವಿಮರ್ಶೆ ಎಂದ ಮೇಲೆ ಕುಡಿದದ್ದರ ಬಗ್ಗೆಯೂ ಹೇಳಬೇಕಲ್ಲ. ಗೋಲ್ಡ್ ಸ್ಪಾಟ್‌ನಲ್ಲಿ ಕಿತ್ತಳೆ ಹಣ್ಣಿನ ಸುಳಿವಿಗಿಂತ ಬಣ್ಣದ ಅಬ್ಬರವೇ ಹೆಚ್ಚು. ಕುಡಿದವರ ನಾಲಿಗೆಯೇ ಸಾಕ್ಷಿ ಹೇಳುತ್ತಿತ್ತು. ಫಾಂಟಾದ ಜೊತೆ ಕಣ್ಣುಮುಚ್ಚಿ ಕುಡಿದು ನೋಡಿದ್ದರೆ ನಮ್ಮಲ್ಲಿ ಅರ್ಧ ಜನ ಸೋಲುತ್ತಿದ್ದೆವು. ಥಮ್ಸ್ ಅಪ್ ಬೇರೆಯದೇ ಜಾತಿ. ಅದರಲ್ಲಿ ಸಿಹಿಗಿಂತ ಮುಂಚೆ ಒಂದು ಖಾರದಂಥ ಏಟು ಬರುತ್ತದೆ, ಗಂಟಲಿನ ಹಿಂಬದಿ ಸುಟ್ಟ ಹಾಗಾಗುತ್ತದೆ, ಮಿರ್ಚಿಯ ಜೊತೆ ಸರಿಸಮನಾಗಿ ನಿಲ್ಲುತ್ತದೆ. ಕೋಕ್ ಮಿರ್ಚಿಯ ಮುಂದೆ ಸಪ್ಪೆ. ಲಿಮ್ಕಾದಲ್ಲಿ ಬಾಯಿ ತೊಳೆದಂಥ ಒಂದು ಹುಳಿ ಇದೆ. ಹೊಟ್ಟೆ ಕೆಟ್ಟಾಗ ಅದನ್ನು ಔಷಧಿಯಂತೆ ಕೊಡುತ್ತಿದ್ದ ಮನೆಗಳು ಎಷ್ಟೋ. ಸಕ್ಕರೆ ನೀರನ್ನು ಸಂಸ್ಕೃತಿ ಎಂದು ಮೆರೆಸುವ ಆಸೆ ನನಗಿಲ್ಲ. ಈ ವಯಸ್ಸಿನಲ್ಲಿ ಡಾಕ್ಟರೂ ಅದಕ್ಕೆ ಬಿಡುವುದಿಲ್ಲ. ಯಾರು ಯಾವುದನ್ನು ಯಾಕೆ ತೆಗೆದರು ಎಂಬುದನ್ನು ಸರಿಯಾಗಿ ಬರೆದಿಡೋಣ ಎಂಬುದಷ್ಟೇ ನನ್ನ ಹಟ.

ಆಸ್ಟ್ರೇಲಿಯಾದಲ್ಲಿ ನಾನು ಮೊದಲು ಅಡಿಲೇಡ್, ಆಮೇಲೆ ಪರ್ತ್, ಈಗ ಬ್ರಿಸ್ಬೇನ್‌ನ ರನ್‌ಕಾರ್ನ್, ಹೀಗೆ ಮೂರು ಊರಿನ ನೀರು ಕುಡಿದಿದ್ದೇನೆ. ಮೂರು ಕಡೆಯೂ ಈ ಮಾತಿಗೆ ಪುರಾವೆ ಸಿಕ್ಕಿದೆ.

ಅಡಿಲೇಡ್‌ನಲ್ಲಿ ಮೊದಲ ದಿನಗಳಲ್ಲಿ ನನಗೆ ಆಶ್ಚರ್ಯ ತಂದದ್ದು ಕಟ್ಟಡದ ಕೆಲಸಗಾರರಿಂದ ಹಿಡಿದು ಆಫೀಸಿನವರ ತನಕ ಎಲ್ಲರ ಕೈಯಲ್ಲೂ ಇದ್ದ ತಣ್ಣನೆಯ ಕಾಫಿ ಡಬ್ಬ, ಫಾರ್ಮರ್ಸ್ ಯೂನಿಯನ್ ಐಸ್ಡ್ ಕಾಫಿ. ಕೋಕಕೋಲಾವನ್ನೂ ಹಿಂದಿಕ್ಕಿ ಮಾರಾಟವಾಗುವ ಹಾಲಿನ ಪಾನೀಯವೆಂದು ಆ ರಾಜ್ಯದಲ್ಲಿ ಅದಕ್ಕೆ ಹೆಸರಿದೆ. ಹೆಸರೇ ಹೇಳುವಂತೆ ಅದರ ಮೂಲ ರೈತರ ಸಹಕಾರ ಸಂಘದಲ್ಲಿದೆ. ಮಾಲೀಕರು ಎಷ್ಟೋ ಸಲ ಬದಲಾಗಿ, 2021ರಿಂದ ಬೇಗಾ ಕಂಪನಿಯದು. ಇದನ್ನು ಅಡಿಲೇಡಿಗರ ವಿಶೇಷ ನಾಲಿಗೆ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನನಗೆ ಕಾಣುವುದು ಹಾಲಿನ ಗಾಡಿ. ಹಾಲು ದಿನಾ ಪ್ರತಿ ಮೂಲೆಯ ಅಂಗಡಿಗೂ ಹೋಗಲೇಬೇಕು, ಅದರ ಫ್ರಿಜ್ಜೇ ಬೇರೆ, ಆ ಫ್ರಿಜ್ಜಿನ ಬಾಗಿಲು ಕೋಲಾದವರ ಕೈಯಲ್ಲಿಲ್ಲ. ನಮ್ಮ ನಂದಿನಿ ಬೂತುಗಳಲ್ಲಿ ಮಜ್ಜಿಗೆ ಪ್ಯಾಕೆಟ್ಟಿಗೆ ಇರುವ ಅನುಕೂಲ ಇದೇ.

ಅಡಿಲೇಡ್‌ನಿಂದ ಇನ್ನೊಂದು ವಿಷಯ. ನಮ್ಮ ಅಂಗಡಿಗಳಲ್ಲಿ ಬಾಟ್ಲಿಯನ್ನು ಅಲ್ಲೇ ನಿಂತು ಕುಡಿದು ಅಲ್ಲೇ ಇಟ್ಟು ಬರಬೇಕಿತ್ತು. ಮನೆಗೆ ಒಯ್ಯಬೇಕೆಂದರೆ ಠೇವಣಿ ಕೇಳುತ್ತಿದ್ದರು. ನಮ್ಮ ಕೋಕ್ ಗಡೀಪಾರಾದ ಅದೇ 1977ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಡಬ್ಬಿ-ಬಾಟ್ಲಿಗಳ ಮೇಲೆ ಐದು ಸೆಂಟ್ ಠೇವಣಿಯನ್ನು ಕಾನೂನಾಗಿ ಜಾರಿಗೆ ತಂದಿತು. 2008ರಲ್ಲಿ ಅದು ಹತ್ತು ಸೆಂಟ್ ಆಯಿತು. ಕ್ವೀನ್ಸ್‌ಲ್ಯಾಂಡ್‌ಗೆ ಆ ಬುದ್ಧಿ ಬಂದದ್ದು 2018ರ ನವೆಂಬರ್‌ನಲ್ಲಿ, ಪರ್ತ್‌ಗೆ 2020ರ ಅಕ್ಟೋಬರ್‌ನಲ್ಲಿ. ಭಾರತ ಮಾತ್ರ ಗಾಜಿನ ಬಾಟ್ಲಿಯನ್ನು ಕೈಬಿಟ್ಟು ಪ್ಲಾಸ್ಟಿಕ್ಕಿನ ಕಡೆ ನಡೆಯಿತು. ಬಾಟ್ಲಿ ವಾಪಸಾಗುವ ತನಕ ಪಾನೀಯ ತನ್ನ ಕಾರ್ಖಾನೆಯಿಂದ ಬಹಳ ದೂರ ಹೋಗುವಂತಿರಲಿಲ್ಲ, ಖಾಲಿ ಕ್ರೇಟು ಹೊತ್ತು ತಿರುಗುವ ಖರ್ಚು ಯಾರಿಗೂ ಗಿಟ್ಟುತ್ತಿರಲಿಲ್ಲ. ಆದ್ದರಿಂದ ಪ್ರತಿ ಪ್ರದೇಶಕ್ಕೂ ಅದರದೇ ತುಂಬಿಸುವವರು ಬೇಕಿತ್ತು, ಸಣ್ಣವರಿಗೂ ಜಾಗವಿತ್ತು. ಎಸೆಯುವ ಬಾಟ್ಲಿ ಬಂದ ಮೇಲೆ ಸಣ್ಣವರನ್ನು ಕಾಯುತ್ತಿದ್ದ ಆ ದೂರ ಹೋಯಿತು. ಗೋಲಿ ಸೋಡಾ ನೆನೆದು ಕಣ್ಣೊರೆಸಿಕೊಳ್ಳುವವರು ಗೋಲಿಯನ್ನು ನೆನೆಯುತ್ತಾರೆ. ನೆನೆಯಬೇಕಾದದ್ದು ಬಾಟ್ಲಿ ವಾಪಸು ಒಯ್ಯುತ್ತಿದ್ದ ಸೈಕಲ್ಲನ್ನು. ಗೋಲಿಯ ಬಾಟ್ಲಿ ಹೇಗೂ ನಮ್ಮದಲ್ಲ, 1870ರ ದಶಕದಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಪೇಟೆಂಟ್ ಪಡೆದದ್ದು. ನಮ್ಮ ಪಕ್ಕದ ಸನ್ನಿಬ್ಯಾಂಕ್‌ನ ಚೀನೀ ಅಂಗಡಿಗಳಲ್ಲಿ ಜಪಾನಿನ ರಾಮುನೆ ಅದೇ ಬಾಟ್ಲಿಯಲ್ಲಿ ಸಿಗುತ್ತದೆ. ಮಕ್ಕಳು ಅದನ್ನು ಜಪಾನಿನ ಆಟಿಕೆ ಎಂದೇ ತಿಳಿದಿದ್ದಾರೆ.

ಪರ್ತ್‌ನ ಇಂಡಿಯನ್ ಗ್ರೋಸರಿಯಲ್ಲಿ ಒಂದು ತಿಂಗಳು ಲಿಮ್ಕಾ ಇರುತ್ತಿತ್ತು, ಮುಂದಿನ ತಿಂಗಳು ಥಮ್ಸ್ ಅಪ್ ಮಾತ್ರ, ಅದರ ಮುಂದಿನ ತಿಂಗಳು ಎರಡೂ ಇಲ್ಲದೆ ಮಾವಿನ ರಸದ ಡಬ್ಬಿಗಳ ಗೋಡೆ. ಹೈದರಾಬಾದಿನ ಅಂಗಡಿಯವರನ್ನು ಕೇಳಿದರೆ ‘ಕಂಟೇನರ್‌ನಲ್ಲಿ ಬರಲಿಲ್ಲ’ ಎನ್ನುತ್ತಿದ್ದರು. ಪರ್ತ್‌ನ ಕನ್ನಡಿಗರ ನಾಲಿಗೆ ತಿಂಗಳಿಗೊಮ್ಮೆ ಬದಲಾಗುತ್ತದೆಂದು ಯಾರೂ ಹೇಳಲಾರರು. ಇಪ್ಪತ್ತು ವರ್ಷದಲ್ಲಿ ಆದದ್ದು ಕಣ್ಣಿಗೆ ಕಾಣುವುದಿಲ್ಲ, ತಿಂಗಳಿಗೊಮ್ಮೆ ಆದರೆ ಕಾಣುತ್ತದೆ, ವ್ಯತ್ಯಾಸ ಅಷ್ಟೇ.

ಬ್ರಿಸ್ಬೇನ್‌ಗೆ ಬಂದ ಮೇಲೆ ಸಿಟ್ರಾದ ಕಥೆ ಮತ್ತೆ ಕಣ್ಣೆದುರೇ ನಡೆಯಿತು. ಇಲ್ಲಿ ಲಿಫ್ಟ್ ಎಂಬ ಹುಳಿ ನಿಂಬೆಯ ಪಾನೀಯವಿತ್ತು, ಕೋಕಕೋಲಾದ್ದೇ. 2022ರಲ್ಲಿ ಅದನ್ನು ನಿಲ್ಲಿಸಿ ಆ ಜಾಗದಲ್ಲಿ ಸ್ಪ್ರೈಟ್ ಲೆಮನ್ ಪ್ಲಸ್ ಇಟ್ಟರು. ನಮ್ಮ ಸಿಟ್ರಾವನ್ನು ನುಂಗಿದ ಅದೇ ಸ್ಪ್ರೈಟ್! ನನ್ನ ಆಸ್ಟ್ರೇಲಿಯನ್ ಸಹೋದ್ಯೋಗಿಗಳು ಎರಡು ವಾರ ಗೊಣಗಿದರು, ಆಮೇಲೆ ಎದುರಾಳಿಯ ಸೋಲೋ ಕುಡಿಯತೊಡಗಿದರು. ಕೋಲ್ಸ್ ಮತ್ತು ವೂಲ್‌ವರ್ತ್ಸ್ ಎಂಬ ಎರಡೇ ಅಂಗಡಿ ಸರಪಳಿಗಳು ಈ ದೇಶದ ಸೂಪರ್ ಮಾರ್ಕೆಟ್ ವ್ಯಾಪಾರದ ಸುಮಾರು ಮೂರನೇ ಎರಡು ಪಾಲು ಹಿಡಿದಿವೆ. ಅವರ ಕಪಾಟಿನಲ್ಲಿ ಇಲ್ಲದ್ದು ಬಹುತೇಕ ಊರಿನಲ್ಲೇ ಇಲ್ಲ. ಇಂಥ ಕಡೆಯೂ ಗಟ್ಟಿಯಾಗಿ ನಿಂತದ್ದು ನಮ್ಮ ರಾಜ್ಯದ ಬಂಡಬರ್ಗ್ ಜಿಂಜರ್ ಬಿಯರ್. ಹೆಸರು ಬಿಯರ್, ಒಳಗಿರುವುದು ಶುಂಠಿ. 1968ರಿಂದ ಫ್ಲೆಮಿಂಗ್ ಎಂಬ ಒಂದೇ ಕುಟುಂಬದ ಕೈಯಲ್ಲಿದೆ. ಹೆಸರೂ ಅವರದು, ತುಂಬಿಸುವ ಕಾರ್ಖಾನೆಯೂ ಅವರದು. ಯಾರ ಮನೆಗೂ ಸೊಸೆಯಾಗಿ ಹೋಗಿಲ್ಲ, ಹಾಗಾಗಿ ನಾದಿನಿಯ ಕಾಟವಿಲ್ಲ.

ಇಷ್ಟೆಲ್ಲ ಹಟ ಯಾಕೆಂದರೆ, ಇದೇ ನಿಟ್ಟುಸಿರನ್ನು ನಾವು ಕನ್ನಡದ ಬಗ್ಗೆಯೂ ಬಿಡುತ್ತೇವೆ. ‘ಈಗಿನ ಮಕ್ಕಳಿಗೆ ಕನ್ನಡ ಬೇಡ’ ಎಂದು ಸಂಘದ ಸಭೆಯಲ್ಲಿ ಹಿರಿಯರು ಹೇಳಿದಾಗ ಎಲ್ಲರೂ ತಲೆದೂಗುತ್ತಾರೆ. ಮಗುವಿನ ಕೈಗೆಟಕುವ ಎತ್ತರದಲ್ಲಿ ಮನೆಯಲ್ಲಿ ಎಷ್ಟು ಕನ್ನಡ ಪುಸ್ತಕವಿದೆ, ವಾರಕ್ಕೆ ಎಷ್ಟು ಗಂಟೆ ಕನ್ನಡ ಅದರ ಕಿವಿಗೆ ಬೀಳುತ್ತದೆ ಎಂದು ಕೇಳಿದರೆ ಸಭೆ ಊಟಕ್ಕೆ ಏಳುತ್ತದೆ. ಪೂರೈಕೆ ನಿಲ್ಲಿಸಿದವರು ಬೇಡಿಕೆ ಕುಸಿಯಿತೆಂದು ವರದಿ ಬರೆಯುವುದು ಕಂಪನಿಗಳ ಪದ್ಧತಿ. ಅಪ್ಪ-ಅಮ್ಮಂದಿರಿಗೆ ಅದು ಒಪ್ಪುವುದಿಲ್ಲ.

ಪಾನೀಯಕ್ಕೆ ಮರಳುತ್ತೇನೆ. ಊರಿನ ಕಡೆ ಈಚೆಗೆ ನಡೆದಿರುವ ಎರಡು ಸಂಗತಿಗಳು ನನ್ನ ಅವಳಿ-ನಿಯಮಕ್ಕೆ ಪರೀಕ್ಷೆಯಂತಿವೆ. ಮೊದಲನೆಯದು ಪುತ್ತೂರಿನ ಬಿಂದು. ಸತ್ಯಶಂಕರ್ ಅವರು ಅಲ್ಲಿನ ನರಿಮೊಗರಿನಿಂದ 2002ರಲ್ಲಿ ತಂದ ಜೀರಾ ಮಸಾಲೆ ಪಾನೀಯ ಕರಾವಳಿ ದಾಟಿ, ಘಟ್ಟ ಹತ್ತಿ, ಕರ್ನಾಟಕದ ಬಸ್ ನಿಲ್ದಾಣಗಳನ್ನೆಲ್ಲ ಹಿಡಿಯಿತು. ಅಟ್ಲಾಂಟಾದವರ ಬಳಿ ಜೀರಿಗೆಯ ಅವಳಿ ಇರಲಿಲ್ಲ ಎನ್ನುವಂತಿಲ್ಲ. ಪಾರ್ಲೆಯ ಕಾಲದ ರಿಮ್ ಝಿಮ್ ಅವರ ಬೀರುವಿನಲ್ಲೇ ಮಲಗಿತ್ತು. ಜೀರಾ ಪಾನೀಯಗಳ ವ್ಯಾಪಾರ ಬೆಳೆದದ್ದನ್ನು ಕಂಡ ಮೇಲೆ, 2018ರಲ್ಲಿ, ಅದನ್ನು ಎಬ್ಬಿಸಿ ಕೂರಿಸಿದರು. ಬಿಂದುವನ್ನು ನಾನು ಕಣ್ಣುಮುಚ್ಚಿ ಹೊಗಳಲಾರೆ, ಉಪ್ಪು ಒಂದು ಚಿಟಿಕೆ ಮುಂದೆ. ಆದರೂ ಊಟದ ಮೇಲೆ ಬರುವ ಆ ತೇಗು ಕೋಲಾದಲ್ಲಿ ಬರುವುದಲ್ಲ.

ಎರಡನೆಯದು ಕ್ಯಾಂಪಾ. ಕೋಕ್ ಇಲ್ಲದ ಕಾಲದ ದೆಹಲಿಯ ಕೋಲಾ ಅದು, ನಮ್ಮ ಪೀಳಿಗೆ ದೊಡ್ಡದಾಗುವ ಹೊತ್ತಿಗೆ ಸೊರಗಿತ್ತು. 2022ರಲ್ಲಿ ರಿಲಯನ್ಸ್ ಆ ಹೆಸರನ್ನು ಕೊಂಡು ಮರುವರ್ಷ ಹತ್ತು ರೂಪಾಯಿಯ ಬಾಟ್ಲಿಯಲ್ಲಿ ಬಿಟ್ಟಿತು. ಕೊಂಡವರ ಮನೆಯಲ್ಲಿ ಬೇರೆ ಕೋಲಾ ಇರಲಿಲ್ಲ, ಸ್ವಂತ ಅಂಗಡಿಗಳ ಸಾಲೇ ಇತ್ತು. ಹಾಗಾಗಿ ಯಾರ ನಾಲಿಗೆಯ ಮೇಲೂ ಉಳಿದಿರದ ಒಂದು ರುಚಿ ಮತ್ತೆ ಎಲ್ಲೆಲ್ಲೂ ಸಿಗತೊಡಗಿದೆ. ಅದರಲ್ಲಿ ಕೋಲಾದ ಜೊತೆ ನಿಂಬೆ ಮತ್ತು ಕಿತ್ತಳೆಯೂ ಇವೆ. ಕಿತ್ತಳೆಯ ಗಿರಾಕಿಗೆ ಹೋಗಲು ಈಗ ಇನ್ನೊಂದು ಬಾಗಿಲು ಆಯಿತು. ಅತ್ತ ಗೋಲ್ಡ್ ಸ್ಪಾಟ್ ಎಂದಾದರೂ ಬೀರುವಿನಿಂದ ಹೊರಬಂದರೆ, ಪತ್ರಿಕೆಗಳು ‘ಜನರ ಪ್ರೀತಿಗೆ ಮಣಿದು’ ಎಂದು ಬರೆಯುತ್ತವೆ. ನಾನು ನನ್ನ ಪುಸ್ತಕದಲ್ಲಿ ಅದನ್ನು ಕ್ಯಾಂಪಾ ಆರೆಂಜ್‌ನ ಖಾತೆಗೆ ಬರೆದುಕೊಳ್ಳುತ್ತೇನೆ.